ಡೇರೆ ಬಾಡಿಗೆ ಸರಿ, ಕುಡಿಯೋ ನೀರು ಎಲ್ಲೈತ್ರಿ?

ಕುಲಗೋಡ ಅಂದಕೂಡಲೇ ನೆನಪಿಗೆ ಬರುವುದು ಶ್ರೀಕೃಷ್ಣ ಪಾರಿಜಾತ. ಆ ಆಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ ಊರು ಇದು. ಬೆಳತನಕ ಬಯಲಲ್ಲಿ ಆಟ ನೋಡುವ ಈ ಸೀಮೆಯಲ್ಲಿ ಪರಊರಿನವರು ಬಂದರೆ ಮೊದಲು ತಂಬಿಗೆ ನೀರು, ಆಮೇಲೆ ಮಾತು. ಅದು ಹಳೇ ರೂಢಿ. ಆ ನೀರಿಗೆ ಯಾರೂ ರೊಕ್ಕ ಕೇಳುತ್ತಿರಲಿಲ್ಲ.

ಈಗ ಹೊಸ ಉದ್ಯೋಗವೊಂದು ನಾಡಿನ ಹಲವೆಡೆ ಬೆಳೆದಿದೆ. ತೋಟದಲ್ಲಿ ನಾಲ್ಕು ಡೇರೆ ಹೊಡೆದು, ರಾತ್ರಿಗೆ ಇಷ್ಟು ಎಂದು ಬಾಡಿಗೆ ಪಡೆಯುವುದು. ಮಳೆಗಾಲದಲ್ಲಿ ಗೋಕಾಕ ಫಾಲ್ಸ್, ಗೊಡಚಿನಮಲ್ಕಿ ನೋಡಲು ಜನ ಬರುತ್ತಾರೆ. ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ರೈತರು ಈ ಕೆಲಸಕ್ಕೆ ಕೈ ಹಾಕಿದರೆ ತಪ್ಪೇನಿಲ್ಲ. ನಾಲ್ಕು ಕಾಸು ಬರಲಿ. ಆದರೆ ಡೇರೆ ಹೊಡೆಯುವ ಮೊದಲು ನೀರಿನ ವಿಚಾರ ಮಾಡಬೇಕು.

‘ನಮ್ಮ ಬೋರಿನ ನೀರು ಕನ್ನಡಿ ಇದ್ದಂಗ ಐತ್ರಿ, ನಾವು ದಿನಾ ಅದನ್ನ ಕುಡೀತೀವಿ’ ಅಂದರೆ ಸಾಲದು. ಕನ್ನಡಿಯಂಥ ನೀರಿನಲ್ಲೂ ರೋಗಾಣು ಇರಬಹುದು. ನಮ್ಮದೇ ಜಿಲ್ಲೆಯ ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಮರೆಯಬಾರದು.

ಕಾಲುವೆ ನೀರೂ ಅಷ್ಟೇ. 1897ರಲ್ಲಿ ಧೂಪದಾಳದ ಒಡ್ಡು ಕಟ್ಟಿದಂದಿನಿಂದ ಘಟಪ್ರಭೆ ಈ ಸೀಮೆಯ ಹೊಲ ತಣಿಸುತ್ತಿದ್ದಾಳೆ. ಪೈರಿಗೆ ಅದು ಅಮೃತ. ಹಾಗೇ ಮೊಗೆದು ಅತಿಥಿಗೆ ಕೊಡುವ ನೀರಲ್ಲ.

ಇನ್ನು ಕಬ್ಬಿನ ಗದ್ದೆ ಪಕ್ಕದ ಬೋರು. ಸುರಿದ ಯೂರಿಯಾ ನೆಲಕ್ಕಿಳಿದರೆ ನೀರಿನಲ್ಲಿ ನೈಟ್ರೇಟ್ ಸೇರುತ್ತದೆ. ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ಸರಕಾರಿ ಮಾನಕ. ಹಸುಗೂಸುಗಳಿಗೆ ಇದು ಅಪಾಯ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಮಾತ್ರ ಹೋಗೋದಿಲ್ಲ. ಅದಕ್ಕೇ ಪರೀಕ್ಷೆ ಬೇಕು. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಒಂದು ಬಾಟ್ಲಿ ನೀರು ಒಯ್ದು ಕೊಡುವುದು ದೊಡ್ಡ ಮಾತಲ್ಲ.

ಲೆಕ್ಕವೂ ಸರಳ. ತಲೆಗೆ ದಿನಕ್ಕೆ 5 ಲೀಟರ್ ಹಿಡಿದರೆ, 20 ಜನರಿಗೆ ಎರಡು ದಿನಕ್ಕೆ 200 ಲೀಟರ್. ಅಂದರೆ 20 ಲೀಟರಿನ ಹತ್ತು ಕ್ಯಾನು. ಅಡಿಗೆ, ಸ್ನಾನದ ನೀರು ಬೇರೆ.

ಟಾಕಿಯಲ್ಲಿ ತುಂಬುವುದಾದರೆ, ತಿಳಿಯಾದ 1000 ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಸಾಕು. ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲಿನ ತಿಳಿ ಮಾತ್ರ ಟಾಕಿಗೆ ಸುರಿದು, ಒಂದು ತಾಸು ಬಿಡಬೇಕು. ಬಾಯಿ ಬಿಚ್ಚಿಟ್ಟ ಹಳೇ ಚೀಲದ ಪುಡಿಗೆ ಕಸುವು ಇರೋದಿಲ್ಲ. ಟಾಕಿಗೆ ಮುಚ್ಚಳ ಇರಲಿ, ಕೆಳಗೆ ನಳ ಇರಲಿ. ತೆರೆದ ಡ್ರಮ್ಮಿನಲ್ಲಿ ಹತ್ತು ಮಂದಿ ಅದೇ ಲೋಟ ಅದ್ದಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ!

‘ಬಾಟ್ಲಿ ತಗೋರಿ, ಅಂಗಡ್ಯಾಗ ಸಿಗತಾವ’ ಎಂದು ಕೈ ತೊಳೆದುಕೊಳ್ಳುವವರೂ ಇದ್ದಾರೆ. ರಾತ್ರಿ ಹನ್ನೆರಡಕ್ಕೆ ಹೊಲದ ನಡುವೆ ಮಗು ನೀರು ಕೇಳಿದರೆ ಯಾವ ಅಂಗಡಿ ತೆಗೆದಿರುತ್ತದೆ? ಬಾಡಿಗೆ ಎಣಿಸಿಕೊಂಡವನೇ ನೀರಿಗೂ ಹೊಣೆ.

ಪಂಚಾಯತಿಯವರಿಗೂ ಒಂದು ಮಾತು. ಇಂಥ ತಾಣಕ್ಕೆ ಒಪ್ಪಿಗೆ ಕೇಳಿ ಯಾರಾದರೂ ಬಂದರೆ, ಡೇರೆ ಎಷ್ಟು ಎಂದು ಕೇಳುವ ಮುಂಚೆ ನೀರಿನ ರಿಪೋರ್ಟು ಎಲ್ಲಿ ಎಂದು ಕೇಳಿರಿ.