ಮೂರು ವರ್ಷ ಮೂಲೆಯಲ್ಲಿದ್ದ ಹಾಡು

‘ಡಿಗ್ರಿ ಮುಗಿದು ಎರಡು ವರ್ಷ ಆಯ್ತಲ್ಲ, ಏನ್ ಮಾಡ್ತಿದ್ರಿ?’

ಸಂದರ್ಶನಗಳಲ್ಲಿ ನನಗೆ ತಪ್ಪದೇ ಎದುರಾಗುವ ಪ್ರಶ್ನೆ ಇದು. ಅಂಥದ್ದೇ ಒಂದು ಸಂದರ್ಶನ ಮುಗಿಸಿ ಸಪ್ಪೆ ಮೋರೆ ಹೊತ್ತು ರೂಮಿಗೆ ಬಂದ ಸಂಜೆ, ರೂಮ್‌ಮೇಟ್ ‘ಇದನ್ನ ಕೇಳೋ’ ಎಂದು ಇಯರ್‌ಫೋನ್ ಕೊಟ್ಟ. ಹಾಡು ‘ಹಾರ್ಟ್ ಆಫ್ ಗ್ಲಾಸ್’. ಹಾಡಿದ್ದು ನ್ಯೂಯಾರ್ಕ್‌ನ ‘ಬ್ಲಾಂಡಿ’ ಬ್ಯಾಂಡ್. ಹಾಡು ಇಷ್ಟವಾಯಿತು. ಅದರ ಹಿಂದಿನ ಕಥೆ ಇನ್ನೂ ಇಷ್ಟವಾಯಿತು.

ಬ್ಲಾಂಡಿ ಶುರುವಾದದ್ದು 1974ರಲ್ಲಿ. ಗಾಯಕಿ ಡೆಬ್ಬಿ ಹ್ಯಾರಿ ಅದಕ್ಕೂ ಮೊದಲು ಬಿಬಿಸಿಯ ನ್ಯೂಯಾರ್ಕ್ ಕಚೇರಿಯಲ್ಲಿ ಸೆಕ್ರೆಟರಿಯಾಗಿದ್ದರು, ಆಮೇಲೆ ವೇಟ್ರೆಸ್ ಆಗಿ ದುಡಿದಿದ್ದರು. ಮೊದಲ ಆಲ್ಬಂ ಬಂದಾಗ ಅವರಿಗೆ 31 ವರ್ಷ. ‘ಸಿಬಿಜಿಬಿ’ ಎಂಬ ಪುಟ್ಟ ಕ್ಲಬ್ಬಿನಲ್ಲಿ ಹಾಡಿ ಬೆಳೆದ ತಂಡ ಅದು. ಪಂಕ್ ಸಂಗೀತದ ಬಿರುಸಿಗೆ ಪಾಪ್‌ನ ಮಾಧುರ್ಯ ಬೆರೆಸಿದ ಈ ಶೈಲಿಗೆ ‘ನ್ಯೂ ವೇವ್’ ಎಂಬ ಹೆಸರು ಬಿತ್ತು. ಆದರೆ ಮೊದಲೆರಡು ಆಲ್ಬಂಗಳು ಅಮೆರಿಕದಲ್ಲಿ ಸದ್ದು ಮಾಡಲಿಲ್ಲ.

ಮೂರನೆಯದೇ 1978ರ ‘ಪ್ಯಾರಲಲ್ ಲೈನ್ಸ್’. ನಿರ್ಮಾಪಕ ಮೈಕ್ ಚಾಪ್‌ಮನ್ ಮಹಾ ಶಿಸ್ತಿನ ಮನುಷ್ಯ. ಸರಿಬರುವ ತನಕ ಮತ್ತೆ ಮತ್ತೆ ನುಡಿಸುತ್ತಿದ್ದರು. ಹಾಡುಗಳನ್ನು ಆರಿಸುವಾಗ ತಂಡ ಹಳೆಯದೊಂದನ್ನು ಅವರ ಮುಂದಿಟ್ಟಿತು. 1975ರಲ್ಲೇ ಡೆಮೊ ಮಾಡಿಟ್ಟ ಹಾಡು. ನಿಧಾನಗತಿಯಲ್ಲಿ ಹಾಡಿ ನೋಡಿದ್ದರು, ರೆಗ್ಗೆ ಶೈಲಿಗೂ ಒಗ್ಗಿಸಿದ್ದರು. ಯಾವುದೂ ಕೂಡಿಬಂದಿರಲಿಲ್ಲ.

ಈ ಸಲ ಡ್ರಮ್ ಮಷಿನ್ ಬಂತು, ಸಿಂಥಸೈಜರ್ ಬಂತು. ಇಂದಿನಂತೆ ಕಂಪ್ಯೂಟರಿನಲ್ಲಿ ತಿದ್ದುವ ಅನುಕೂಲ ಆಗ ಇರಲಿಲ್ಲ. ಯಂತ್ರದ ತಾಳಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಕ್ಲೆಮ್ ಬರ್ಕ್ ಡ್ರಮ್ಸ್ ನುಡಿಸಬೇಕಿತ್ತು.

ಇಷ್ಟಾದರೂ ಹನ್ನೆರಡು ಹಾಡುಗಳ ಆಲ್ಬಂನಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತನೆಯ ಜಾಗ. ಬ್ರಿಟನ್ನಿನಲ್ಲಿ ‘ಪಿಕ್ಚರ್ ದಿಸ್’, ‘ಹ್ಯಾಂಗಿಂಗ್ ಆನ್ ದ ಟೆಲಿಫೋನ್’ ಸಿಂಗಲ್‌ಗಳು ಮೊದಲು ಹೊರಬಂದವು. ಇದರ ಸರದಿ ಬಂದದ್ದು 1979ರ ಜನವರಿಯಲ್ಲಿ. ‘ಡಿಸ್ಕೊಗೆ ಮಾರಿಕೊಂಡರು’ ಎಂದು ರಾಕ್ ಅಭಿಮಾನಿಗಳು ಮೂಗು ಮುರಿದರು. ಹಾಡು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು! ಆಗ ಡೆಬ್ಬಿಗೆ 33. ಬೆನ್ನಿಗೇ ‘ಸಂಡೇ ಗರ್ಲ್’ ಕೂಡ ಬ್ರಿಟನ್ನಿನಲ್ಲಿ ಅಗ್ರಸ್ಥಾನ ಗಳಿಸಿತು. 2024ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಂ ಅನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

‘ಪ್ರಯತ್ನ ಬಿಡಬೇಡ’ ಅನ್ನುವ ಮಾತು ನಮಗೆಲ್ಲ ಕೇಳಿ ಕೇಳಿ ಸಾಕಾಗಿದೆ. ಈ ಕಥೆ ಹೇಳುವುದು ಅದನ್ನಲ್ಲ. ಅವರು ಹಾಡನ್ನು ಬಿಡಲಿಲ್ಲ ನಿಜ. ಆದರೆ ಇದ್ದ ಹಾಗೆಯೇ ಮತ್ತೆ ಹಾಡಲೂ ಇಲ್ಲ. ತಾಳವನ್ನೇ ಬದಲಿಸಿದರು. ನಾನು ಮಾಡುತ್ತಿದ್ದುದೇನು? ಎರಡು ವರ್ಷದಿಂದ ಒಂದೇ ರೆಸ್ಯೂಮೆಯನ್ನು, ಕಂಪನಿಯ ಹೆಸರಷ್ಟೇ ಬದಲಿಸಿ, ಎಲ್ಲ ಕಡೆ ಕಳಿಸುತ್ತಿದ್ದೆ. ಅದನ್ನೇ ಪ್ರಯತ್ನ ಅಂದುಕೊಂಡಿದ್ದೆ.

ಮೊನ್ನೆ ಕೊನೆಯ ವರ್ಷದ ಅರ್ಧಂಬರ್ಧ ಪ್ರಾಜೆಕ್ಟ್‌ನ ಫೋಲ್ಡರ್ ತೆರೆದೆ. ಅಳಿಸಿಬಿಡಬೇಕು ಅಂದುಕೊಂಡಿದ್ದ ಕೆಲಸ. ಈಗ ರಾತ್ರಿ ಒಂದೊಂದು ಗಂಟೆ ಕೂತು ಹೊಸದಾಗಿ ಕಟ್ಟುತ್ತಿದ್ದೇನೆ. ಕೆಲಸ ಸಿಗುತ್ತದೋ ಇಲ್ಲವೋ! ಆದರೆ ಮುಂದಿನ ಸಲ ‘ಏನ್ ಮಾಡ್ತಿದ್ರಿ?’ ಅಂದರೆ ತೋರಿಸಲು ಒಂದಿಷ್ಟಾದರೂ ಇರುತ್ತದೆ.