ಹಾಡು ನಿಲ್ಲಿಸಿದ ಪೆಟ್ಟಿಗೆಗಳ ಲೆಕ್ಕ

ಕಳೆದ ದಸರಾ ರಜೆಯಲ್ಲಿ ಬೊಂಬೆ ಇಳಿಸಲೆಂದು ಅಟ್ಟ ಹತ್ತಿದ ನನ್ನ ಮೊಮ್ಮಗಳು ಬೊಂಬೆಗಿಂತ ಮೊದಲು ಒಂದು ರಟ್ಟಿನ ಡಬ್ಬ ಇಳಿಸಿದಳು. ಒಳಗೆ ಮೂರು ಸಾಮಾನು: ನಮ್ಮ ಮನೆಯಾಕೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಮಗ ಹೈಸ್ಕೂಲಿನಲ್ಲಿದ್ದಾಗ ಕೊಡಿಸಿದ ಪುಟ್ಟ ಕೀಬೋರ್ಡು, ನನ್ನ ಟೇಪ್ ರೆಕಾರ್ಡರ್. ಮೂರೂ ಮಾತು ನಿಲ್ಲಿಸಿ ವರ್ಷಗಳೇ ಆಗಿದ್ದವು.

"ತಾತ, ಇವನ್ನ ಗುಜರಿಯವರಿಗೆ ಕೊಟ್ಟುಬಿಡೋಣ್ವಾ? ದುಡ್ಡು ಬರತ್ತೆ" ಎಂದಳು.

ತಟ್ಟನೆ ಬೇಡ ಎಂದೆ. ಅದಕ್ಕೆ ಕಾರಣವಿತ್ತು.

ಸುಮಾರು ಹತ್ತು ವರ್ಷದ ಹಿಂದೆ ನಾನೇ ಒಂದು ಹಳೆಯ ಆಂಪ್ಲಿಫೈಯರನ್ನು ಬೀದಿಯಲ್ಲಿ ಕೂಗಿಕೊಂಡು ಬಂದವನಿಗೆ ಮಾರಿದ್ದೆ. 120 ರೂಪಾಯಿ ಸಿಕ್ಕಿತು. ಬ್ಯಾಂಕಿನ ಅಭ್ಯಾಸ ಬಿಡಬೇಕಲ್ಲ, ಮನೆಯ ಲೆಕ್ಕದ ಪುಸ್ತಕದಲ್ಲಿ ಜಮಾ ಬರೆದುಕೊಂಡೆ. ಕೆಲವು ವಾರ ಕಳೆದು ಬೆಳಗಿನ ವಾಕಿಂಗ್ ಹೋಗಿದ್ದಾಗ ಕೆರೆ ಏರಿಯ ಕೆಳಗೆ ಕಪ್ಪು ಹೊಗೆ ಕಂಡಿತು. ಇಬ್ಬರು ವೈರಿನ ಸಿಂಬೆ ಸುಡುತ್ತಿದ್ದರು. ಮೇಲಿನ ಪ್ಲಾಸ್ಟಿಕ್ ಸುಟ್ಟು ಹೋದರೆ ಒಳಗಿನ ತಾಮ್ರ ಸಿಗುತ್ತದೆ, ತಾಮ್ರಕ್ಕೆ ಬೆಲೆಯಿದೆ. ಪಕ್ಕದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಕಡ್ಡಿಯಿಂದ ಬೂದಿ ಕೆದಕುತ್ತಾ ಕೆಮ್ಮುತ್ತಿದ್ದ. ಆ ವೈರು ನನ್ನ ಆಂಪ್ಲಿಫೈಯರಿನದೇ ಎಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಜಮಾ ಮಾತ್ರ ಬರೆದು ಖರ್ಚು ಬರೆಯದ ಲೆಕ್ಕ ಟ್ಯಾಲಿ ಆಗುವುದಿಲ್ಲ ಎಂದು ಅವತ್ತು ಅನ್ನಿಸಿತು. 120 ರೂಪಾಯಿ ನನಗೆ ಬಂತು, ಖರ್ಚು ಆ ಹುಡುಗನ ಎದೆಗೆ ಬಿತ್ತು.

ಗುಜರಿಯವರನ್ನು ನಾನು ದೂರುತ್ತಿಲ್ಲ. ಪೇಪರು, ಕಬ್ಬಿಣ, ಬಾಟಲಿಗಳ ವಿಷಯದಲ್ಲಿ ಅವರು ಊರಿಗೆ ಮಾಡುವ ಉಪಕಾರ ದೊಡ್ಡದು. ಆದರೆ ಕರೆಂಟಿನಿಂದ, ಸೆಲ್ಲಿನಿಂದ ಹಾಡುವ ಪೆಟ್ಟಿಗೆಯ ಒಳಗೆ ಇರುವುದೇ ಬೇರೆ. ಹಳೆಯ ಸಾಮಾನಿನ ಹಸಿರು ಹಲಗೆಯಲ್ಲಿ ಬಿಡಿಭಾಗಗಳನ್ನು ಕೂರಿಸಿರುವ ಬೆಸುಗೆ ತವರ ಮತ್ತು ಸೀಸದ ಮಿಶ್ರಣ. ಸೀಸ ಮೈಗೆ ಸೇರಿದರೆ ಬೆಳೆಯುವ ಮಕ್ಕಳ ಮಿದುಳಿಗೆ ಹಾನಿ. ಹಳೆಯ ಬಗೆಯ ಕೆಲವು ರೀಚಾರ್ಜ್ ಸೆಲ್ಲುಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ವೈರಿನ ಮೇಲಿನ ಪಿವಿಸಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷದ ಹೊಗೆ ಏಳುತ್ತದೆ. ಹಲಗೆಯಲ್ಲಿರುವ ಚೂರು ಚಿನ್ನಕ್ಕಾಗಿ ಆಸಿಡ್ಡಿನಲ್ಲಿ ನೆನೆಸಿ, ಉಳಿದ ನೀರನ್ನು ಮೋರಿಗೆ ಬಿಡುವವರೂ ಇದ್ದಾರೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನೂರಕ್ಕೆ 22 ಪಾಲು ಮಾತ್ರ.

ಮೊಮ್ಮಗಳು ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಅಟ್ಟದಲ್ಲೇ ಇಟ್ಟುಬಿಡೋಣ" ಎಂದಳು. ಅದೂ ಸರಿಯಲ್ಲ. ಇಟ್ಟರೆ ಸೆಲ್ಲು ಸೋರುತ್ತದೆ, ರಬ್ಬರು ಕರಗುತ್ತದೆ, ರಿಪೇರಿ ಆಗುವಂಥದ್ದೂ ಕೆಡುತ್ತದೆ. ಒಂದೊಂದಾಗಿ ವಿಚಾರಿಸೋಣ ಎಂದು ಮೂರನ್ನೂ ಚೀಲಕ್ಕೆ ಹಾಕಿಕೊಂಡು ಇಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಟೆವು. ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಆ ರಸ್ತೆ ಹೆಸರುವಾಸಿ.

ಶ್ರುತಿಪೆಟ್ಟಿಗೆಯ ಕಾಯಿಲೆ ಚಿಕ್ಕದು. ಒಳಗೇ ಬಿಟ್ಟಿದ್ದ ಸೆಲ್ಲು ಸೋರಿ, ಸ್ಪ್ರಿಂಗ್ ತುಂಬ ಬಿಳಿ ಪುಡಿ ಕಟ್ಟಿತ್ತು. ರಿಪೇರಿಯವರು ಸ್ಪ್ರಿಂಗ್ ಬದಲಿಸಿ, ಸ್ವರ ತಿರುಗಿಸುವ ಗುಂಡಿಯ ಧೂಳು ತೆಗೆದರು. ಕೂಡಲೇ ಸಾ-ಪಾ-ಸಾ ಎಂದು ಗುಂಯ್‌ಗುಟ್ಟಿತು.

ಕೀಬೋರ್ಡಿನಲ್ಲಿ ಐದು ಮನೆ ನುಡಿಯುತ್ತಿರಲಿಲ್ಲ. ಮನೆಗಳ ಕೆಳಗೆ ರಬ್ಬರಿನ ಪಟ್ಟಿ ಇರುತ್ತದೆ, ಅದರ ಕಪ್ಪು ಚುಕ್ಕೆ ಹಲಗೆಯನ್ನು ಮುಟ್ಟಿದರೆ ಸ್ವರ. ನಡುವೆ ಕೊಳೆ ಕೂತರೆ ಮೂಕ. ಬಿಚ್ಚಿ ಒರೆಸಿದ ಮೇಲೆ ನಾಲ್ಕು ಮನೆ ಬಾಯಿ ಬಿಟ್ಟವು.

ಟೇಪ್ ರೆಕಾರ್ಡರಿನದು ಮಾತ್ರ ಮುಗಿದ ಕಥೆ. ಬರೀ ಬೆಲ್ಟ್ ಸಡಿಲವಾಗಿದ್ದರೆ ಹೊಸದು ಹಾಕಬಹುದಿತ್ತು. ಮೋಟರೇ ಸುಟ್ಟಿತ್ತು, ಅದರದು ಸಿಗುವುದಿಲ್ಲ ಎಂದರು. ಅದರ ಜೊತೆಗಿದ್ದ ಒಂದು ಕ್ಯಾಸೆಟ್ಟನ್ನು ಇನ್ನೊಂದು ಅಂಗಡಿಯಲ್ಲಿ ಪೆನ್ ಡ್ರೈವಿಗೆ ಹಾಕಿಸಿದೆವು. ಅದರಲ್ಲಿ ನನ್ನ ಮಗ ನಾಲ್ಕು ವರ್ಷದವನಿದ್ದಾಗ ಹಾಡಿದ್ದಿತ್ತು. ಅಪ್ಪ ತೊದಲುವುದನ್ನು ಕೇಳಿ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಪೆಟ್ಟಿಗೆ ಕಳಿಸುವ ಮೊದಲು ಒಳಗೆ ಕ್ಯಾಸೆಟ್ಟು, ಸಿ.ಡಿ., ಮೆಮರಿ ಕಾರ್ಡು ಉಳಿದಿದೆಯೇ ಎಂದು ನೋಡಿಕೊಳ್ಳಿ.

ಇನ್ನು ಆ ಟೇಪ್ ರೆಕಾರ್ಡರನ್ನು ಯಾರಿಗೆ ಕೊಡುವುದು? ನಮ್ಮ ದೇಶದಲ್ಲಿ ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮೊದಲು 21 ಬಗೆಯ ಸಾಮಾನುಗಳಿಗಿದ್ದ ನಿಯಮ ಈಗ 106 ಬಗೆಗೆ ಅನ್ವಯ, ರೇಡಿಯೊ, ಆಂಪ್ಲಿಫೈಯರ್ ಕೂಡ ಸೇರಿವೆ. ತಯಾರಿಸಿದ ಕಂಪನಿಗಳು ನೋಂದಾಯಿತ ಘಟಕಗಳ ಮೂಲಕ ಮರುಬಳಕೆ ಮಾಡಿಸಬೇಕು. ಅಂಥ ಘಟಕಗಳ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿದೆ. ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ 2005ರಲ್ಲಿ ಶುರುವಾದದ್ದು ನಮ್ಮ ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲೇ. ಇಂಥ ಕಡೆ ಸಾಮಾನನ್ನು ಬಿಚ್ಚಿ, ಕಬ್ಬಿಣ, ತಾಮ್ರ, ಪ್ಲಾಸ್ಟಿಕ್ ಬೇರೆ ಮಾಡಿ, ಹಲಗೆಗಳನ್ನು ಪುಡಿಮಾಡಿ ಲೋಹ ತೆಗೆಯುತ್ತಾರೆ. ಬಯಲಿನಲ್ಲಿ ಬೆಂಕಿ ಹಚ್ಚುವುದಿಲ್ಲ.

ಒಂದೇ ಒಂದು ಪೆಟ್ಟಿಗೆಗಾಗಿ ಅವರು ಬರುವುದು ಕಷ್ಟ. ಅದಕ್ಕೆ ನಮ್ಮ ಬೀದಿಯ ಮನೆಗಳಲ್ಲೆಲ್ಲ ಕೇಳಿದೆವು. ರೇಡಿಯೊ, ಡೆಕ್ಕು, ಸ್ಪೀಕರು, ಮೈಕು ಎಲ್ಲ ಸೇರಿ ಒಂದು ಗೂಡ್ಸ್ ಆಟೋದಷ್ಟಾಯಿತು. ನೋಂದಾಯಿತ ಘಟಕದವರು ಬಂದು ತೂಕ ಹಾಕಿ ರಸೀತಿ ಕೊಟ್ಟರು. ರಸೀತಿ ಕೇಳಿ ಪಡೆಯಿರಿ, ಅದು ಬ್ಯಾಂಕಿನವನ ಬುದ್ಧಿಮಾತು.

ಮಕ್ಕಳೇ, ನಿಮಗೂ ನಾಲ್ಕು ಮಾತು. ಬಳಸದ ಪೆಟ್ಟಿಗೆಯ ಸೆಲ್ಲನ್ನು ದೊಡ್ಡವರಿಂದ ತೆಗೆಸಿ ಬೇರೆ ಇಡಿಸಿ. ಗುಂಡಿಯಂಥ ಪುಟ್ಟ ಸೆಲ್ಲು ತಮ್ಮ ತಂಗಿಯರ ಕೈಗೆ ಸಿಗದಿರಲಿ, ನುಂಗಿದರೆ ಪ್ರಾಣಕ್ಕೇ ಅಪಾಯ. ಆಂಪ್ಲಿಫೈಯರನ್ನು ನೀವಾಗಿ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟು ಉಳಿದಿರಬಹುದು. ಉಬ್ಬಿದ ಬ್ಯಾಟರಿಯ ಬ್ಲೂಟೂತ್ ಸ್ಪೀಕರನ್ನು ಕಸದ ಗಾಡಿಗೆ ಹಾಕಬೇಡಿ, ಒತ್ತಡ ಬಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಕೀಬೋರ್ಡು ಈಗ ನಮ್ಮ ಮನೆಗೆ ಹಾಲು ಹಾಕುವವರ ಮಗನ ಹತ್ತಿರ ಇದೆ. ಒಂದು ಸ್ವರ ಇಲ್ಲದಿದ್ದರೂ ನುಡಿಸುತ್ತಾನೆ, ಆ ಜಾಗ ಬಂದಾಗ ಬಾಯಲ್ಲೇ ಹಾಡಿಬಿಡುತ್ತಾನೆ. ಶ್ರುತಿಪೆಟ್ಟಿಗೆಯನ್ನೂ ಯಾರಿಗಾದರೂ ಕೊಡೋಣವೇ ಎಂದು ಮನೆಯಾಕೆಯನ್ನು ಕೇಳಿದೆ. "ನಾನಿನ್ನೂ ಹಾಡ್ತೀನಲ್ಲ" ಎಂದಳು. ಬೆಳಿಗ್ಗೆ ಅದು ದೇವರ ಮನೆಯಲ್ಲಿ ಗುಂಯ್ ಎನ್ನುತ್ತದೆ.

ಲೆಕ್ಕದ ಪುಸ್ತಕದಲ್ಲಿ ಈ ಸಲ ರಿಪೇರಿ, ಬಸ್ ಚಾರ್ಜು ಸೇರಿ ಖರ್ಚೇ ಬರೆದಿದ್ದೇನೆ. ಜಮಾ ಏನೂ ಇಲ್ಲ. ಆದರೂ ಲೆಕ್ಕ ಟ್ಯಾಲಿ ಆಗಿದೆ.