ಆಟದ ಮನೆಗೆ ಎಂಥ ಸೂರು?

ಬೇಸಿಗೆ ರಜೆ ಬಂತೆಂದರೆ ಸಾಕು, ‘ಅಮ್ಮಾ, ಹಿತ್ತಲಲ್ಲಿ ನಮಗೊಂದು ಮನೆ ಕಟ್ಟಿಕೊಡು’ ಅಂತ ಮಕ್ಕಳ ಕಾಟ ಶುರು. ನಾಲ್ಕು ಬೊಂಬು ನೆಟ್ಟು ಹಳೇ ಸೀರೆ ಸುತ್ತಿದರೆ ಗೋಡೆಯಾಯಿತು. ಚಾಪೆ, ಗೊಂಬೆ, ಅಡುಗೆ ಆಟದ ಸಾಮಾನು ಎಲ್ಲ ಒಳಗೆ ಹೋಯಿತು. ಆದರೆ ಮೇಲೆ ಹೊದಿಸುವುದೇನು? ಆಟದ ಮನೆಯ ಸೂರಿಗೆಂದು ಯಾರೂ ಅಂಗಡಿಗೆ ಹೋಗುವುದಿಲ್ಲ. ಹಿತ್ತಲ ಮೂಲೆಯಲ್ಲಿ ಬಿದ್ದಿರುವುದನ್ನೇ ಎತ್ತಿ ಹಾಕುತ್ತೇವೆ. ತೊಂದರೆ ಇರುವುದೇ ಅಲ್ಲಿ.

ಬಹಳ ಮನೆಗಳಲ್ಲಿ ಹಾಗೆ ಬಿದ್ದಿರುವುದು ದನದ ಕೊಟ್ಟಿಗೆಗೋ ಬಚ್ಚಲಿಗೋ ಹಾಕಿ ಉಳಿದ ಹಳೇ ಸಿಮೆಂಟ್ ಶೀಟು. ಇದು ಮಾತ್ರ ಬೇಡವೇ ಬೇಡ. ಸಿಮೆಂಟ್ ಶೀಟು ಅಂತ ನಾವು ಕರೆಯುವ ಹಳೆಯ ಶೀಟುಗಳಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಶೀಟು ಗಟ್ಟಿಯಾಗಿ ಒಂದೇ ಕಡೆ ಇದ್ದಾಗ ನಾರನ್ನು ಸಿಮೆಂಟು ಹಿಡಿದಿಟ್ಟಿರುತ್ತದೆ. ಅಳತೆಗೆ ಕೊಯ್ದಾಗ, ತೂತು ಕೊರೆದಾಗ, ಅಂಚು ಮುರಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ದೂಳಿನ ಜೊತೆ ಹಾರಿ ಉಸಿರಿನೊಂದಿಗೆ ಒಳಗೆ ಹೋಗುತ್ತವೆ. ಆಸ್ಬೆಸ್ಟಾಸ್‌ನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ರೋಗ ಕಾಣಿಸುವುದು ಅನೇಕ ಸಲ ೨೦-೩೦ ವರ್ಷ ಕಳೆದ ಮೇಲೆ! ಐವತ್ತಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ನಮ್ಮಲ್ಲಿ ಇನ್ನೂ ಮಾರಾಟಕ್ಕಿದೆ.

‘ನಮ್ಮನೆ ಮೇಲೇ ಅದೇ ಶೀಟು ಐತಲ್ರೀ, ಏನಾಗೇತಿ?’ ಎನ್ನುವವರುಂಟು. ಮನೆಯ ಶೀಟು ಹತ್ತಡಿ ಮೇಲಿರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಆಟದ ಮನೆಯ ಸೂರು ಮಕ್ಕಳ ಕೈಗೇ ಸಿಗುತ್ತದೆ. ಕೆರೆಯುತ್ತವೆ, ಕೋಲಿನಿಂದ ಬಡಿಯುತ್ತವೆ, ಮೇಲೆ ಹತ್ತುತ್ತವೆ. ಈ ಶೀಟು ತುಳಿದರೆ ಮುರಿಯುವಂಥದ್ದು. ಮೂಲೆಯಲ್ಲಿರುವ ತುಂಡನ್ನು ಒಡೆಯದೆ, ನೀರು ಚಿಮುಕಿಸಿ, ಇಡಿಯಾಗಿ ಮಕ್ಕಳ ಕೈಗೆಟುಕದ ಕಡೆ ಸರಿಸಿಡಿ. ಪುಡಿ ಬಿದ್ದಿದ್ದರೆ ಪೊರಕೆ ಆಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಬಿಸಾಡಿ.

ಇನ್ನು ತಗಡು. ಮಳೆಗೆ ಒಳ್ಳೆಯದು, ನಿಜ. ಆದರೆ ಹೊಸಪೇಟೆ, ಕಂಪ್ಲಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ೪೦ ಡಿಗ್ರಿ ಮುಟ್ಟುವ ಬಿಸಿಲು. ಆ ತಗಡಿನ ಕೆಳಗೆ ಮಧ್ಯಾಹ್ನ ಮಕ್ಕಳನ್ನು ಕೂರಿಸುವುದೂ ಒಂದೇ, ಕಾದ ಹೆಂಚಿನ ಕೆಳಗೆ ಕೂರಿಸುವುದೂ ಒಂದೇ. ಅಂಚು ಮಕ್ಕಳ ಹಣೆ, ಕಣ್ಣಿನ ಮಟ್ಟಕ್ಕೇ ಬರುತ್ತದೆ. ಅದಕ್ಕಿಂತ ಹೆದರಬೇಕಾದದ್ದು ಮೇಲಿಡುವ ಕಲ್ಲಿಗೆ. ಗಾಳಿಗೆ ಹಾರದಿರಲಿ ಅಂತ ತಗಡಿನ ಮೇಲೆ ಕಲ್ಲು ಹೇರುವುದು ನಮ್ಮ ಕಡೆ ರೂಢಿ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ತಗಡು ಎದ್ದರೆ ಆ ಕಲ್ಲು ಬೀಳುವುದು ಒಳಗಿರುವ ಮಗುವಿನ ತಲೆಯ ಮೇಲೆ. ತಗಡೇ ಹಾಕುತ್ತೀರೆಂದರೆ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿಸಿ, ಅಂಚು ಮಡಚಿಸಿ, ಮೇಲೆ ಬಿಳಿ ಸುಣ್ಣ ಬಳಿಯಿರಿ, ಕೆಳಗೆ ಒಂದು ಗೇಣು ಬಿಟ್ಟು ಗೋಣಿತಟ್ಟು ಕಟ್ಟಿ. ಆಗಲೂ ಹಾಕುವುದು ಮರದ ನೆರಳಿದ್ದರೆ ಮಾತ್ರ.

ಪಾರದರ್ಶಕ ಫೈಬರ್ ಶೀಟು ಬಿಸಿಲನ್ನು ನೇರ ಒಳಗೇ ಬಿಡುತ್ತದೆ. ಹಳೇ ಫ್ಲೆಕ್ಸ್ ಪುಕ್ಕಟೆ ಸಿಕ್ಕರೂ ಸೆಕೆ ತಪ್ಪಿದ್ದಲ್ಲ.

ಹಾಗಾದರೆ ಏನು ಹಾಕೋದು? ನನ್ನ ಮತ ಕಬ್ಬಿನ ರವದಿಗೆ. ಕಬ್ಬು ಕಡಿದ ಮೇಲೆ ಎಷ್ಟೋ ರೈತರು ಗದ್ದೆಯಲ್ಲೇ ಸುಟ್ಟುಬಿಡುವ ಒಣ ಗರಿ ಇದು. ಕೇಳಿದರೆ ಒಂದು ಹೊರೆ ಕೊಡದವರಿಲ್ಲ. ಎಲೆಗಳ ನಡುವೆ ಗಾಳಿ ನಿಲ್ಲುವುದರಿಂದ ಬಿಸಿಲಿನ ಕಾವು ಕೆಳಗಿಳಿಯುವುದು ಕಡಿಮೆ. ಹಂಪಿ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ೨೦೨೦ರಲ್ಲಿ ರೆಸಾರ್ಟುಗಳು ತೆರವಾಗುವ ತನಕ ವಿದೇಶಿಯರು ಇಂಥ ಗುಡಿಸಲಲ್ಲಿ ದುಡ್ಡು ಕೊಟ್ಟು ಮಲಗುತ್ತಿದ್ದರು, ನಮ್ಮ ಮಕ್ಕಳಿಗೆ ಬೇಡವೇ? ರವದಿ ಸಿಗದಿದ್ದರೆ ಹೆಣೆದ ತೆಂಗಿನ ಗರಿ ಆಗುತ್ತದೆ. ಭತ್ತದ ಹುಲ್ಲು ಬೇಗ ಕೊಳೆಯುತ್ತದೆ, ಬೀದಿ ದನಗಳೂ ಬಿಡುವುದಿಲ್ಲ!

ಬೊಂಬಿನ ಚೌಕಟ್ಟಿನ ಮೇಲೆ ಅರ್ಧ ಅಡಿಗೊಂದು ಅಡ್ಡ ದಬ್ಬೆ ಕಟ್ಟಿ. ಇಳಿಜಾರು ಚೆನ್ನಾಗಿರಲಿ. ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ಬರುತ್ತದಲ್ಲ, ಅಷ್ಟು ಓರೆ. ಅದಕ್ಕಿಂತ ಚಪ್ಪಟೆಯಾದರೆ ನೀರು ನಿಂತು ರವದಿ ಕೊಳೆಯುತ್ತದೆ. ಸೂರಿನ ಕೆಳಗಿನ ಅಂಚಿನಿಂದ ಶುರುಮಾಡಿ, ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಅರ್ಧ ಬರುವಂತೆ ಹೊದಿಸುತ್ತಾ ಹೋಗಿ. ಕಟ್ಟಲು ಪುಂಡಿನಾರಿನ ಹಗ್ಗ ಸಾಕು, ತಂತಿ ಬೇಡ, ಅದರ ತುದಿ ಚುಚ್ಚುತ್ತದೆ. ನಡುವಿನ ಎತ್ತರ ದೊಡ್ಡವರು ಬಗ್ಗಿ ಒಳಗೆ ಹೋಗುವಷ್ಟಿರಲಿ, ಎರಡು ಕಡೆ ತೆರೆದಿರಲಿ. ಮನೆಯಲ್ಲಿ ಅಜ್ಜ, ಮಾವ ಯಾರಾದರೂ ಗುಡಿಸಲು ಹಾಕಿ ಬಲ್ಲವರಿದ್ದರೆ ಅವರನ್ನೇ ಕರೆಯಿರಿ, ಒಂದು ದಿನದ ಕೆಲಸ.

ಮಳೆಗಾಲದಲ್ಲಿ ಮೇಲೊಂದು ತಾಡಪತ್ರಿ ಎಳೆದು ನಾಲ್ಕು ಮೂಲೆಗೂ ಗೂಟಕ್ಕೆ ಬಿಗಿದರಾಯಿತು, ಮಳೆ ಬಿಟ್ಟಾಗ ತೆಗೆದು ಒಣಗಲು ಬಿಡಿ. ರವದಿಯ ದೋಷವೂ ಎರಡಿವೆ. ಕಲ್ಲುಗುಡ್ಡಗಳ ಊರು ನಮ್ಮದು, ಒಣ ಗರಿಯಲ್ಲಿ ಚೇಳು ಸೇರುತ್ತದೆ. ಮಕ್ಕಳು ಒಳಗೆ ಹೋಗುವ ಮೊದಲು ಕೋಲಿನಿಂದ ಸೂರು ಬಡಿದು ನೋಡಿ, ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಎರಡನೆಯದು ಬೆಂಕಿ. ಅಡುಗೆ ಆಟಕ್ಕೆ ಕಲ್ಲಿನ ಒಲೆ, ಮಣ್ಣಿನ ಅನ್ನ ಇರಲಿ, ಬೆಂಕಿಪೊಟ್ಟಣ ಮಾತ್ರ ಅಡುಗೆಮನೆಯ ಮೇಲಿನ ಗೂಡಿನಲ್ಲೇ ಇರಲಿ. ದೀಪಾವಳಿಗೆ ನಾಲ್ಕು ದಿನ ಮುಂಚೆಯೇ ರವದಿ ಇಳಿಸಿಬಿಡಿ.